ಕುಲುಮೆಯ ಹದ ಮಕ್ಕಳ ಕೈಗೆ ದಾಟಲಿ

ಕೊಯ್ಲಿನ ಕಾಲ ಹತ್ತಿರವಾದಂತೆ ರೈತನು ಬೀಜ, ಗೊಬ್ಬರ, ಔಷಧಿಗಳ ಲೆಕ್ಕವನ್ನು ಬದಿಗಿಟ್ಟು ಕುಡುಗೋಲು ಹುಡುಕುತ್ತಾನೆ. ಅಟ್ಟದ ಮೇಲಿನಿಂದ ತೆಗೆದ ಕುಡುಗೋಲು ತುಕ್ಕು ಹಿಡಿದಿರುತ್ತದೆ, ಹಲ್ಲು ಸವೆದಿರುತ್ತದೆ. ಹಿಂದೆ ಅದನ್ನು ಊರ ಕಮ್ಮಾರನ ಕುಲುಮೆಗೆ ಒಯ್ದರೆ ಸಂಜೆಯೊಳಗೆ ತಟ್ಟಿ, ಕಕ್ಕು ಹಾಕಿ, ಹದ ಕೊಟ್ಟು ಹಿಂತಿರುಗಿಸುತ್ತಿದ್ದರು. ಇಂದು ಅನೇಕ ಗ್ರಾಮಗಳಲ್ಲಿ ಕುಲುಮೆ ಆರಿದೆ. ಸಂತೆಯಲ್ಲಿ ಸಿಗುವ ತೆಳು ತಗಡಿನ ಕುಡುಗೋಲು ಕೊಂಡರೆ ಎರಡು ದಿನಕ್ಕೆ ಮೊಂಡಾಗುತ್ತದೆ.

ಇದರಿಂದ ಆಗುವ ನಷ್ಟವನ್ನು ಒಂದು ಉದಾಹರಣೆಯಿಂದ ನೋಡೋಣ. ಒಂದು ಹೊಲದಲ್ಲಿ ಹತ್ತು ಆಳುಗಳು ದಿನಕ್ಕೆ 8 ಗಂಟೆ ರಾಗಿ ಕೊಯ್ಯುತ್ತಾರೆಂದು ಇಟ್ಟುಕೊಳ್ಳಿ. ಕುಡುಗೋಲು ಮೊಂಡಾಗಿ, ಒಬ್ಬೊಬ್ಬರೂ ಗಂಟೆಗೆ 5 ನಿಮಿಷ ಅದನ್ನು ಕಲ್ಲಿಗೆ ಉಜ್ಜುತ್ತಾ ಕೂತರೆ, ಒಬ್ಬರಿಂದ 40 ನಿಮಿಷ, ಹತ್ತು ಜನರಿಂದ 400 ನಿಮಿಷ ಹೋಗುತ್ತದೆ. ಇದು ಸುಮಾರು ಒಂದಾಳಿನ ಒಂದು ದಿನದ ದುಡಿಮೆ. ಕುಡುಗೋಲಿನ ಬೆಲೆಯಲ್ಲಿ ಉಳಿಸಿದ ನಾಲ್ಕು ಕಾಸು ಕೂಲಿಯಲ್ಲಿ ಹೊರಟುಹೋಗುತ್ತದೆ. ಆದುದರಿಂದ ಕಮ್ಮಾರನ ಮಗನೋ ಮಗಳೋ ಆ ಕಸುಬನ್ನು ಮುಂದುವರಿಸುತ್ತಾರೆಯೇ ಎಂಬ ಪ್ರಶ್ನೆ ಕಮ್ಮಾರನ ಮನೆಗೆ ಮಾತ್ರ ಸೇರಿದ್ದಲ್ಲ. ಅದು ಪ್ರತಿಯೊಬ್ಬ ಸಾಗುವಳಿದಾರನ ಪ್ರಶ್ನೆಯೂ ಹೌದು.

ಬೆಂಗಳೂರಿನ ಪಡುವಣ ದಿಕ್ಕು ಮತ್ತು ಕಬ್ಬಿಣ

ಕೆಂಗೇರಿಯಿಂದ ಮಾಗಡಿ, ಚನ್ನಪಟ್ಟಣಗಳವರೆಗಿನ ಸೀಮೆಗೂ ಕಬ್ಬಿಣಕ್ಕೂ ಹಳೆಯ ನಂಟಿದೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಮಾಗಡಿ ಸುತ್ತಿನಲ್ಲಿ ಅದಿರಿನಿಂದ ಕಬ್ಬಿಣ ತೆಗೆಯುತ್ತಿದ್ದ ಬಗೆಯನ್ನು ವಿವರವಾಗಿ ಬರೆದಿದ್ದಾನೆ. ಚನ್ನಪಟ್ಟಣದಲ್ಲಿ ತಯಾರಾಗುತ್ತಿದ್ದ ಉಕ್ಕಿನ ತಂತಿಯು ವಾದ್ಯಗಳಿಗಾಗಿ ದೂರದ ಪ್ರಾಂತಗಳಿಗೂ ಹೋಗುತ್ತಿತ್ತೆಂದು ಅವನೇ ದಾಖಲಿಸಿದ್ದಾನೆ. ಭಾರತದ ಮೂಸೆ ಉಕ್ಕಿಗೆ ಯುರೋಪಿನಲ್ಲಿ ಬಂದ ‘ವೂಟ್ಜ್’ ಎಂಬ ಹೆಸರು ನಮ್ಮ ‘ಉಕ್ಕು’ ಎಂಬ ಪದದಿಂದಲೇ ಹುಟ್ಟಿದ್ದೆಂದು ಅನೇಕ ವಿದ್ವಾಂಸರು ಹೇಳುತ್ತಾರೆ.

ಹಳೆಯ ಮೈಸೂರಿನ ಗ್ರಾಮಗಳಲ್ಲಿ ಕಮ್ಮಾರನು ಆಯಗಾರರಲ್ಲಿ ಒಬ್ಬನು. ವರ್ಷವಿಡೀ ಗುಳ, ಕುಂಟೆಯ ಅಲಗು, ಕುಡುಗೋಲು, ಮಚ್ಚು ಸರಿಪಡಿಸಿಕೊಟ್ಟು, ಸುಗ್ಗಿಯಲ್ಲಿ ಕಣದಿಂದ ಧಾನ್ಯದ ಪಾಲು ಪಡೆಯುತ್ತಿದ್ದನು. ಮಕ್ಕಳು ಬೇರೆ ಶಾಲೆಗೆ ಹೋಗಿ ಕಸುಬು ಕಲಿಯುತ್ತಿರಲಿಲ್ಲ. ತಿದಿ ಒತ್ತುತ್ತಾ, ಇಕ್ಕಳ ಹಿಡಿಯುತ್ತಾ, ನೋಡುತ್ತಾ ಕಲಿಯುತ್ತಿದ್ದರು. ಮನೆಯ ಹೆಂಗಸರು ತಿದಿ ಒತ್ತುವುದೂ ಸಮ್ಮಟಿಗೆ ಎತ್ತುವುದೂ ಅನೇಕ ಕಡೆ ರೂಢಿಯಲ್ಲಿತ್ತು. ಹೀಗಿದ್ದರೂ ಅವರನ್ನು ‘ಕಮ್ಮಾರರು’ ಎಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮುಂದೆ ಈ ದಿಕ್ಕಿನ ಚಹರೆಯೇ ಬದಲಾಯಿತು. ರಾಜಾಜಿನಗರದಲ್ಲಿ ಕೈಗಾರಿಕಾ ವಸಾಹತು ಬಂದಿತು. ಕಾಮಾಕ್ಷಿಪಾಳ್ಯದ ಸುತ್ತ ಲೇತು, ಗ್ರೈಂಡಿಂಗ್, ವೆಲ್ಡಿಂಗ್‌ಗಳ ಸಣ್ಣ ಕಾರ್ಖಾನೆಗಳು ಬೆಳೆದವು. ತನ್ನದೇ ಪುರಸಭೆ ಹೊಂದಿದ್ದ ಕೆಂಗೇರಿಯು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ನಗರದಲ್ಲಿ ಸೇರಿಹೋಯಿತು. 2021ರಲ್ಲಿ ಅಲ್ಲಿಗೆ ಮೆಟ್ರೋ ರೈಲು ಬಂದಿತು. ಹೊಲಗಳು ಬಡಾವಣೆಗಳಾದವು. ಹೊಲದ ಗಿರಾಕಿ ಕಡಿಮೆಯಾದಂತೆ ಕುಲುಮೆಯ ಕೆಲಸವೂ ಬದಲಾಯಿತು. ಆದರೆ ನಗರದಲ್ಲಿ ಅಲಗಿನ ಅಗತ್ಯ ಕಡಿಮೆಯಾಗಿಲ್ಲ. ಎಳನೀರು ಮಾರುವವರಿಗೆ ಮಚ್ಚು, ಮಾಂಸದಂಗಡಿಗೆ ಕತ್ತಿ, ಹೋಟೆಲಿಗೆ ಚಾಕು, ಮನೆಗೆ ಈಳಿಗೆಮಣೆ, ತೋಟಗಾರನಿಗೆ ಕಸಿ ಚಾಕು ಬೇಕೇ ಬೇಕು. ತಾವರೆಕೆರೆ, ಮಾಗಡಿ ಕಡೆಯ ರಾಗಿ, ಹಿಪ್ಪುನೇರಳೆ, ತರಕಾರಿ ಬೆಳೆಗಾರರೂ ಇದ್ದಾರೆ. ಮನೆಯಂಗಳದ ಒಂದು ಕುಲುಮೆ ಹಳ್ಳಿಗೂ ಪಟ್ಟಣಕ್ಕೂ ಅಲಗು ಒದಗಿಸಬಹುದಾದ ಸ್ಥಳ ಇದು.

ಮಕ್ಕಳು ದೂರ ಸರಿಯುವುದೇಕೆ?

ಮಕ್ಕಳಿಗೆ ಮೈಗಳ್ಳತನ ಎಂದು ದೂರುವುದು ಸುಲಭ. ನಿಜವಾದ ಕಾರಣಗಳು ಬೇರೆ ಇವೆ.

ಮೊದಲನೆಯದು ಕೂಲಿ. ಹೊರಗಿನ ಕಾರ್ಖಾನೆಯಲ್ಲಿ ದುಡಿದರೆ ತಿಂಗಳಿಗೆ ಸಂಬಳ ಕೈಗೆ ಬರುತ್ತದೆ. ಮನೆಯ ಕುಲುಮೆಯಲ್ಲಿ ದುಡಿದರೆ ಊಟ, ಬಟ್ಟೆ ಬಿಟ್ಟು ಬೇರೇನೂ ಇಲ್ಲ. ತಂದೆಯು ಕುಡುಗೋಲಿನ ಬೆಲೆ ಕಟ್ಟುವಾಗ ಕಬ್ಬಿಣ, ಇದ್ದಲುಗಳ ಖರ್ಚು ಮಾತ್ರ ಸೇರಿಸುತ್ತಾನೆ. ತನ್ನ ದುಡಿಮೆಯನ್ನು ಅರ್ಧ ಸೇರಿಸುತ್ತಾನೆ, ಮಕ್ಕಳ ದುಡಿಮೆಯನ್ನು ಸೇರಿಸುವುದೇ ಇಲ್ಲ.

ಎರಡನೆಯದು ಮರ್ಯಾದೆ. ಮಸಿ ಬಳಿದ ಕೈಯನ್ನು ಕಂಡು ಮೂಗು ಮುರಿಯುವವರು ಊರಲ್ಲೂ ಇದ್ದಾರೆ, ಪೇಟೆಯಲ್ಲೂ ಇದ್ದಾರೆ. ವಧು ವರರ ಮಾತುಕತೆಯಲ್ಲಿ ಕಾರ್ಖಾನೆಯ ನೌಕರಿಗೆ ಇರುವ ಬೆಲೆ ಸ್ವಂತ ಕುಲುಮೆಗೆ ಇಲ್ಲ.

ಮೂರನೆಯದು ಕಲಿಯುವ ಕಷ್ಟ. ಸುತ್ತಿಗೆ ಬೀಸುವುದನ್ನು ಕೆಲವು ತಿಂಗಳುಗಳಲ್ಲಿ ಕಲಿಯಬಹುದು. ಆದರೆ ಹದ ಕೊಡುವುದನ್ನು ತಂದೆ ಬಾಯಿಬಿಟ್ಟು ಹೇಳಲಾರನು. ಅವನಿಗೆ ಅದು ಕಣ್ಣಿನಲ್ಲಿದೆ, ಮಾತಿನಲ್ಲಿ ಇಲ್ಲ. “ಬಣ್ಣ ನೋಡು” ಎನ್ನುತ್ತಾನೆ. ಯಾವ ಬಣ್ಣ, ಏಕೆ ಎಂದು ಕೇಳಿದರೆ “ನೋಡ್ತಾ ನೋಡ್ತಾ ಗೊತ್ತಾಗುತ್ತೆ” ಎನ್ನುತ್ತಾನೆ. ಇಂದಿನ ಮಕ್ಕಳಿಗೆ ಅಷ್ಟು ವರ್ಷ ಕಾಯುವ ವ್ಯವಧಾನವಿಲ್ಲ, ಅವಕಾಶವೂ ಇಲ್ಲ. ಈ ಮೂರನೆಯ ತೊಡಕನ್ನು ಬಿಡಿಸಲು ವಿಜ್ಞಾನ ನೆರವಾಗಬಲ್ಲದು.

ದಾಟಬೇಕಾದ ವಿದ್ಯೆ: ಹದ

ಸುತ್ತಿಗೆ, ಅಡಿಗಲ್ಲು, ವಿದ್ಯುತ್ ಸಾಣೆ ಎಲ್ಲವನ್ನೂ ಹಣಕ್ಕೆ ಕೊಳ್ಳಬಹುದು. ಹದವನ್ನು ಕೊಳ್ಳಲಾಗದು. ಅದನ್ನು ಹಂತ ಹಂತವಾಗಿ, ಕಾರಣ ಸಹಿತ ಕಲಿಸಿದರೆ ಮಕ್ಕಳು ಬೇಗ ಕಲಿಯುತ್ತಾರೆ.

1. ಉಕ್ಕಿನ ಆಯ್ಕೆ: ಕಬ್ಬಿಣದಲ್ಲಿ ಬೆರೆತ ಇಂಗಾಲದ ಪ್ರಮಾಣವೇ ಗಡಸುತನಕ್ಕೆ ಮೂಲ. ಕಟ್ಟಡಕ್ಕೆ ಬಳಸುವ ಮೆದು ಉಕ್ಕಿನ ಪಟ್ಟಿಯಲ್ಲಿ ಇಂಗಾಲ ಶೇ. 0.25ಕ್ಕಿಂತ ಕಡಿಮೆ. ಅದನ್ನು ಎಷ್ಟು ಕಾಯಿಸಿ ನೀರಿಗೆ ಹಾಕಿದರೂ ಅಲಗಿಗೆ ಬೇಕಾದ ಗಡಸು ಬಾರದು. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲ ಸುಮಾರು ಶೇ. 0.5ರಿಂದ 0.65ರಷ್ಟಿದ್ದು, ಮಚ್ಚು, ಕುಡುಗೋಲುಗಳಿಗೆ ಅದು ಒಗ್ಗುತ್ತದೆ. ಹಳೆಯ ಅರದಲ್ಲಿ ಇಂಗಾಲ ಶೇ. 1ಕ್ಕೂ ಮಿಗಿಲಾಗಿದ್ದು, ಸಣ್ಣ ಚಾಕುಗಳಿಗೆ ತಕ್ಕುದು. ಸಾಣೆಗೆ ತಾಗಿಸಿ ಕಿಡಿಯನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮೆದು ಉಕ್ಕಿನ ಕಿಡಿ ಉದ್ದವಾಗಿ, ಕವಲು ಕಡಿಮೆಯಾಗಿ ಹಾರುತ್ತದೆ. ಇಂಗಾಲ ಹೆಚ್ಚಿದ ಉಕ್ಕಿನ ಕಿಡಿ ಸುರುಸುರುಬತ್ತಿಯಂತೆ ಕವಲೊಡೆದು ಚೆಲ್ಲುತ್ತದೆ.

ಹಳೆಯ ಸ್ಪ್ರಿಂಗ್ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುವುದುಂಟು. ಪಟ್ಟಿ ತಣ್ಣಗಿರುವಾಗ, ಬೆಂಕಿಯಿಂದ ದೂರದಲ್ಲಿ, ಅದಕ್ಕೆ ಸೀಮೆಎಣ್ಣೆ ಸವರಿ, ಒರೆಸಿ ಒಣಗಿಸಿ, ಸೀಮೆಸುಣ್ಣ ಉಜ್ಜಿದರೆ ಬಿರುಕಿರುವ ಕಡೆ ಎಣ್ಣೆ ಒಸರಿ ಗೆರೆಯಾಗಿ ತೋರುತ್ತದೆ. ಆ ಭಾಗವನ್ನು ಬಳಸಬಾರದು.

2. ಕಾಯಿಸುವುದು: ಗಡಸು ಮಾಡಲು ಅಲಗನ್ನು ಸುಮಾರು 800ರಿಂದ 840 ಡಿಗ್ರಿ ಸೆಂಟಿಗ್ರೇಡ್‌ವರೆಗೆ ಕಾಯಿಸಬೇಕು. ಕಮ್ಮಾರನು ಇದನ್ನು ಕೆಂಪಿನ ಛಾಯೆಯಿಂದ ಗುರುತಿಸುತ್ತಾನೆ. ಬಿಸಿಲಿನಲ್ಲಿ ಈ ಛಾಯೆ ಕಣ್ಣಿಗೆ ಮೋಸ ಮಾಡುವುದರಿಂದಲೇ ಹಿರಿಯರು ಕುಲುಮೆಯನ್ನು ನೆರಳಿನಲ್ಲಿ ಇಟ್ಟುಕೊಂಡಿದ್ದರು. ಕಲಿಯುವವರು ಒಂದು ಅಯಸ್ಕಾಂತವನ್ನು ಕಬ್ಬಿಣದ ತಂತಿಯಲ್ಲಿ ತೂಗುಹಾಕಿಕೊಳ್ಳಲಿ. ಕೆಟ್ಟುಹೋದ ರೇಡಿಯೋ ಸ್ಪೀಕರಿನ ಅಯಸ್ಕಾಂತವೇ ಸಾಕು. ಉಕ್ಕು ಸುಮಾರು 770 ಡಿಗ್ರಿ ಮುಟ್ಟಿದಾಗ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಲ್ಲಿಂದ ಇನ್ನು ಸ್ವಲ್ಪವೇ ಹೆಚ್ಚು ಕಾಯಿಸಿ ಹೊರತೆಗೆಯಬೇಕು. ಅತಿಯಾಗಿ ಕಾದರೆ ಉಕ್ಕಿನ ಕಣ ದಪ್ಪವಾಗಿ ಅಲಗು ಬಿರುಸಾಗುತ್ತದೆ.

3. ತಣಿಸುವುದು: ಸ್ಪ್ರಿಂಗ್ ಪಟ್ಟಿಯ ತೆಳು ಅಲಗನ್ನು ತಣ್ಣೀರಿಗೆ ಅದ್ದಿದರೆ ಬಿರುಕು ಬಿಡುವ ಸಂಭವ ಹೆಚ್ಚು. ಎಣ್ಣೆಯಲ್ಲಿ ತಣಿಸುವುದು ಮೇಲು. ಎಣ್ಣೆಯನ್ನು ಮೊದಲೇ ಸುಮಾರು 50 ಡಿಗ್ರಿಗೆ ಬೆಚ್ಚಗೆ ಮಾಡಿಕೊಂಡರೆ ಅದು ತೆಳುವಾಗಿ ಅಲಗನ್ನು ಸಮನಾಗಿ ತಣಿಸುತ್ತದೆ. ತಣಿದ ನಂತರ ಅಲಗಿನ ಅಂಚಿಗೆ ಅರ ಹಾಕಿ ನೋಡಿ. ಅರ ಹಿಡಿಯದೆ ಜಾರಿದರೆ ಗಡಸು ಬಂದಿದೆ ಎಂದರ್ಥ.

4. ಹದ ಇಳಿಸುವುದು: ತಣಿಸಿದ ಅಲಗು ಗಾಜಿನಂತೆ. ಗಡಸೇನೋ ಇದೆ, ಕೆಳಗೆ ಬಿದ್ದರೆ ಮುರಿಯುತ್ತದೆ. ಅದನ್ನು ಅಂದೇ, ಸಾಧ್ಯವಾದಷ್ಟು ಬೇಗ ಹದಕ್ಕೆ ಇಳಿಸಬೇಕು. ಅಲಗಿನ ಮೈಯನ್ನು ಕಲ್ಲಿನಿಂದ ಉಜ್ಜಿ ಹೊಳಪು ತಂದು, ಬೆನ್ನಿನ ಕಡೆಯಿಂದ ನಿಧಾನವಾಗಿ ಕಾಯಿಸಿದರೆ ಬಣ್ಣಗಳು ಒಂದರ ಹಿಂದೆ ಒಂದು ಅಂಚಿನತ್ತ ಓಡುತ್ತವೆ. ಅಂಚಿಗೆ ಬೇಕಾದ ಬಣ್ಣ ಬಂದೊಡನೆ ನೀರಿಗೆ ಅದ್ದಿ ಅಲ್ಲಿಗೆ ನಿಲ್ಲಿಸಬೇಕು.

ಒಣಹುಲ್ಲಿನ ತಿಳಿ ಹಳದಿ (220–230 ಡಿಗ್ರಿ): ಅಡುಗೆ ಚಾಕು, ಕಸಿ ಚಾಕು.
ಕಂದು (250–260 ಡಿಗ್ರಿ): ಕುಡುಗೋಲು.
ನೇರಳೆಯಿಂದ ನೀಲಿ (270–300 ಡಿಗ್ರಿ): ಪೆಟ್ಟು ತಾಳಬೇಕಾದ ಮಚ್ಚು, ಕೊಡಲಿ.

ಈ ಅಂಕಿಗಳು ತಂದೆಯ ಕಣ್ಣಿಗೆ ಬದಲಿಯಲ್ಲ, ಸಾಕ್ಷಿ. ತಂದೆ “ಈಗ ತೆಗಿ” ಎಂದಾಗ ಮಗಳು ಅಯಸ್ಕಾಂತ ಹಿಡಿದು ನೋಡಲಿ. ಎರಡೂ ಒಂದೇ ಮಾತು ಹೇಳಿದರೆ ಅವಳ ಕಣ್ಣೂ ಪಳಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಅಲಗಿಗೂ ಯಾವ ಪಟ್ಟಿ, ಯಾವ ಎಣ್ಣೆ, ಯಾವ ಬಣ್ಣಕ್ಕೆ ನಿಲ್ಲಿಸಿದ್ದು, ಗಿರಾಕಿ ಏನು ಹೇಳಿದ ಎಂದು ಬರೆದಿಡಬೇಕು. ಮುರಿದು ಹಿಂದಕ್ಕೆ ಬಂದ ಅಲಗನ್ನು ಗುಜರಿಗೆ ಎಸೆಯದೆ, ಮುರಿದ ಜಾಗದ ಕಣವನ್ನು ನೋಡಬೇಕು. ದಪ್ಪ ಕಣ ಹೊಳೆಯುತ್ತಿದ್ದರೆ ಅತಿಯಾಗಿ ಕಾಯಿಸಿದ್ದರ ಗುರುತು. ಮುರಿದ ಅಲಗೂ ಒಂದು ಪಾಠವೇ.

ಯಾವ ವಯಸ್ಸಿಗೆ ಯಾವ ಕೆಲಸ?

ಮಕ್ಕಳು ಕಸುಬು ಕಲಿಯಲಿ ಎಂದರೆ ಶಾಲೆ ಬಿಡಿಸಿ ಬೆಂಕಿಯ ಮುಂದೆ ಕೂರಿಸಿ ಎಂದು ಅರ್ಥವಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯಂತೆ, 14 ವರ್ಷದೊಳಗಿನ ಮಕ್ಕಳು ಶಾಲೆಯ ವೇಳೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಮನೆಯ ಕಸುಬಿಗೆ ನೆರವಾಗಬಹುದು. ಆದರೆ ಅಪಾಯಕರ ಕೆಲಸಗಳಿಗೆ ಈ ವಿನಾಯಿತಿ ಇಲ್ಲ. 14ರಿಂದ 18 ವರ್ಷದವರನ್ನೂ ಅಪಾಯಕರ ಕೆಲಸಗಳಿಗೆ ಹಚ್ಚುವಂತಿಲ್ಲ. ಕಾದ ಕಬ್ಬಿಣ, ತಿರುಗುವ ಸಾಣೆ, ಕಲ್ಲಿದ್ದಲಿನ ಹೊಗೆ ಇವು ಅಪಾಯವೇ ಸರಿ. ಆದುದರಿಂದ ಈ ಕ್ರಮ ಒಳ್ಳೆಯದು:

14 ವರ್ಷದವರೆಗೆ: ಓದು ಮೊದಲು. ಬಿಡುವಿನಲ್ಲಿ ಅಲಗಿನ ಆಕಾರವನ್ನು ಕಾಗದದ ಮೇಲೆ ಬರೆಯುವುದು, ರಟ್ಟಿನಲ್ಲಿ ಅಚ್ಚು ಕತ್ತರಿಸುವುದು, ನೋಟ್‌ಬುಕ್ಕು ಮತ್ತು ಲೆಕ್ಕ ಬರೆಯುವುದು.

14ರಿಂದ 18: ಮರದ ಹಿಡಿಯ ಅಳತೆ ತೆಗೆದು ಕೈಯಿಂದ ರೂಪಿಸುವುದು, ಉಕ್ಕಿನ ಬಗೆಗಳನ್ನು ಓದಿ ತಿಳಿಯುವುದು, ಗಿರಾಕಿಯೊಂದಿಗೆ ಮಾತುಕತೆ, ಬೆಲೆ ಕಟ್ಟುವುದು.

18 ತುಂಬಿದ ಮೇಲೆ: ಬೆಂಕಿ, ಸಮ್ಮಟಿಗೆ, ವಿದ್ಯುತ್ ಸಾಣೆ, ತಣಿಸುವ ಎಣ್ಣೆ.

ಹೀಗೆ ಬಂದವರಿಗೆ ಬೆಂಕಿಯ ಮುಂದೆ ನಿಲ್ಲುವ ಹೊತ್ತಿಗೆ ಅಲಗಿನ ಅರಿವು ಆಗಲೇ ಬಂದಿರುತ್ತದೆ. ಗಂಡು ಮಕ್ಕಳಿಗೆ ಹೇಳಿದ ಈ ಮಾತೆಲ್ಲವೂ ಹೆಣ್ಣು ಮಕ್ಕಳಿಗೂ ಅನ್ವಯಿಸುತ್ತದೆ. ಇಂದು ತಿದಿಯ ಬದಲು ವಿದ್ಯುತ್ ಊದುಗ ಬಂದಿದೆ, ಸಮ್ಮಟಿಗೆಯ ಬದಲು ಯಂತ್ರದ ಸುತ್ತಿಗೆಯೂ ಸಿಗುತ್ತದೆ. ತೋಳ್ಬಲಕ್ಕಿಂತ ಗಮನ ಮುಖ್ಯವಾದ ಕೆಲಸ ಇದು.

ಮನೆಯ ಕುಲುಮೆಯಲ್ಲಿ ಎಚ್ಚರಿಕೆ

ಅಡುಗೆಮನೆಗೂ ಕುಲುಮೆಗೂ ನಡುವೆ ಗೋಡೆ ಇರಬೇಕು. ಹೊಗೆ ಹೊರಹೋಗಲು ಎತ್ತರದ ಕೊಳವೆ ಬೇಕು. ಸತುವಿನ ಲೇಪವಿರುವ ನೀರಿನ ಕೊಳವೆ, ತಗಡುಗಳನ್ನು ಎಂದೂ ಬೆಂಕಿಗೆ ಹಾಕಬಾರದು. ಅವುಗಳಿಂದ ಏಳುವ ಬಿಳಿ ಹೊಗೆಯನ್ನು ಉಸಿರಾಡಿದರೆ ಚಳಿಜ್ವರ ಬರುತ್ತದೆ. ಎರಡೂ ತುದಿ ಮುಚ್ಚಿದ ಕೊಳವೆಯನ್ನು ಕಾಯಿಸಿದರೆ ಸಿಡಿಯುತ್ತದೆ.

ಸಾಣೆಯ ಕಲ್ಲಿಗೆ ಕವಚ ಇರಲೇಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳು ತಡೆಯುವ ಮುಖವಾಡ, ಕಿವಿಗೆ ಬಿರಟೆ ಹಾಕಿಕೊಳ್ಳಬೇಕು. ತಿರುಗುವ ಸಾಣೆಯ ಬಳಿ ಬಟ್ಟೆಯ ಕೈಗವಸು, ಜೋಲು ಸೆರಗು, ಬಿಚ್ಚಿದ ಕೂದಲು ಕೂಡದು, ಇವು ಸಿಕ್ಕಿಕೊಂಡು ಕೈಯನ್ನೇ ಎಳೆದುಕೊಳ್ಳುತ್ತವೆ. ನೈಲಾನ್ ಬಟ್ಟೆ ತೊಡದೆ ಹತ್ತಿಯದನ್ನು ತೊಡಬೇಕು. ತಣಿಸುವ ಎಣ್ಣೆ ಆಳವಾದ ಕಬ್ಬಿಣದ ಪಾತ್ರೆಯಲ್ಲಿದ್ದು, ಪಕ್ಕದಲ್ಲೇ ಅದರ ಮುಚ್ಚಳ ಇರಲಿ. ಎಣ್ಣೆ ಹೊತ್ತಿಕೊಂಡರೆ ನೀರು ಎರಚಬಾರದು, ಮುಚ್ಚಳ ಹಾಕಿ ಗಾಳಿ ತಡೆಯಬೇಕು.

ಇನ್ನೊಂದು ಎಚ್ಚರಿಕೆ ಬೇರೆ ಬಗೆಯದು. ನಗರದ ಕುಲುಮೆಗೆ ಹೊಡೆದಾಟಕ್ಕೆ ಬೇಕಾದ ‘ಲಾಂಗು’ ಮಾಡಿಕೊಡಿ ಎಂದು ಹೆಚ್ಚಿನ ಹಣ ತೋರಿಸಿ ಕೇಳುವವರೂ ಬರಬಹುದು. ಕೇವಲ ಮನೆಬಳಕೆಗೆ ಅಥವಾ ಕೃಷಿಗೆಂದು ರೂಪಿಸಿದ ಉಪಕರಣಗಳನ್ನು 1959ರ ಆಯುಧಗಳ ಕಾಯ್ದೆ ಆಯುಧವೆಂದು ಎಣಿಸುವುದಿಲ್ಲ. ಆ ಗೆರೆ ದಾಟಿದರೆ ಕುಲುಮೆಯೂ ಹೋಗುತ್ತದೆ, ಮನೆಯ ಮಾನವೂ ಹೋಗುತ್ತದೆ. ಇಲ್ಲ ಎನ್ನುವುದನ್ನು ಕಲಿಸುವುದೂ ಕಸುಬು ಕಲಿಸುವುದರ ಒಂದು ಭಾಗ.

ಕೆಲಸ ಹಂಚಿಕೆ, ತರಬೇತಿ ಮತ್ತು ನೆರವು

ಜಪಾನಿನ ಸಕಾಯ್ ಪಟ್ಟಣವು ಅಡುಗೆ ಚಾಕುಗಳಿಗೆ ಹೆಸರಾಗಿದೆ. ಅಲ್ಲಿ ಒಂದು ಮನೆಯವರು ಅಲಗು ಬಡಿಯುತ್ತಾರೆ, ಇನ್ನೊಂದು ಮನೆಯವರು ಸಾಣೆ ಹಿಡಿಯುತ್ತಾರೆ, ಮತ್ತೊಬ್ಬರು ಹಿಡಿ ಮಾಡುತ್ತಾರೆ. ಒಬ್ಬರೇ ಎಲ್ಲವನ್ನೂ ಮಾಡಬೇಕೆಂಬ ಹಟವಿಲ್ಲ. ಕಾಮಾಕ್ಷಿಪಾಳ್ಯದಂತಹ ಕಡೆ ಪಟ್ಟಿ ಕತ್ತರಿಸಿಕೊಡುವವರು, ಗ್ರೈಂಡಿಂಗ್ ಮಾಡುವವರು ಅಕ್ಕಪಕ್ಕದಲ್ಲೇ ಇದ್ದಾರೆ. ನಮ್ಮ ಕುಲುಮೆಯ ಮಕ್ಕಳು ಒರಟು ಕೆಲಸವನ್ನು ಅವರಿಗೆ ವಹಿಸಿ, ಆಕಾರ ಮತ್ತು ಹದವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರೆ ದಿನಕ್ಕೆ ಹೆಚ್ಚು ಅಲಗು ತಯಾರಿಸಬಹುದು.

ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ಡೆನ್ಮಾರ್ಕ್ ಸರ್ಕಾರದ ಸಹಕಾರದೊಂದಿಗೆ 1972ರಲ್ಲಿ ಆರಂಭವಾದ ಈ ಕೇಂದ್ರದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವರು ಉಪಕರಣ ಮತ್ತು ಅಚ್ಚು ತಯಾರಿಕೆಯ ಡಿಪ್ಲೊಮಾ ಓದಬಹುದು. ಅಲ್ಲಿ ಉಕ್ಕಿನ ಗುಣ, ಅಳತೆ, ಹದಗಳನ್ನು ಶಾಸ್ತ್ರೀಯವಾಗಿ ಕಲಿತವರು ಮನೆಯ ಕುಲುಮೆಗೆ ಹಿಂತಿರುಗಿದರೆ ತಂದೆಯ ಕೈಗೆ ಹೊಸ ಬಲ ಬಂದಂತೆ. ಓದಿದವರು ಕುಲುಮೆಗೆ ಬರಬಾರದೆಂಬ ಭಾವನೆ ಹೋಗಬೇಕು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ಯೋಜನೆಯಲ್ಲಿ ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ರೂಪಾಯಿಯವರೆಗೆ ಸಾಲ ಗೊತ್ತುಪಡಿಸಲಾಗಿದೆ. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು, ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಹೀಗಾಗಿ ಯಾರ ಹೆಸರಿನಲ್ಲಿ ಅರ್ಜಿ ಹಾಕುವುದೆಂದು ಮನೆಯವರು ಕೂತು ಯೋಚಿಸಬೇಕು. ಮುಂದೆ ಕುಲುಮೆ ನಡೆಸುವವರ ಹೆಸರಿನಲ್ಲಿ ಇರುವುದು ಲೇಸು. ವಿವರಗಳನ್ನು ಹತ್ತಿರದ ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಬಹುದು.

ಇವೆಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಮನೆಯೊಳಗಿದೆ. ಕುಲುಮೆಯಲ್ಲಿ ದುಡಿಯುವ ಮಗ ಅಥವಾ ಮಗಳಿಗೆ ಪ್ರತಿ ತಿಂಗಳೂ ಗೊತ್ತಾದ ಕೂಲಿಯನ್ನು ಕೈಗೆ ಕೊಡಬೇಕು. ಅದಕ್ಕಾಗಿ ಅಲಗಿನ ಬೆಲೆಯಲ್ಲಿ ಉಕ್ಕು, ಇದ್ದಲು, ವಿದ್ಯುತ್, ಸಾಣೆಕಲ್ಲಿನ ಸವೆತದ ಜೊತೆಗೆ ಇಬ್ಬರ ದುಡಿಮೆಯ ಗಂಟೆಗಳನ್ನೂ ಸೇರಿಸಬೇಕು. ಕೂಲಿ ಇಲ್ಲದ ಕಸುಬನ್ನು ಪ್ರೀತಿಯಿಂದಷ್ಟೇ ಉಳಿಸಿಕೊಳ್ಳಿ ಎಂದು ಮಕ್ಕಳಿಗೆ ಹೇಳುವುದು ನ್ಯಾಯವಲ್ಲ.

ರೈತರ ಪಾಲು

ಕಣದಲ್ಲಿ ಆಯ ಕೊಡುವ ಪದ್ಧತಿ ಹೋಯಿತು. ಅದರೊಂದಿಗೆ ಕಮ್ಮಾರನ ವರ್ಷವಿಡೀ ಅನ್ನವೂ ಹೋಯಿತು. ಹಳೆಯ ಪದ್ಧತಿ ಮರಳಿ ಬರಬೇಕಾಗಿಲ್ಲ, ಬರಲೂಬಾರದು, ಏಕೆಂದರೆ ಅಲ್ಲಿ ಕೊಟ್ಟಷ್ಟನ್ನು ಕೈಯೊಡ್ಡಿ ತೆಗೆದುಕೊಳ್ಳಬೇಕಾಗಿತ್ತು. ಆದರೆ ರೈತ ಬಾಂಧವರು ಈ ಕೆಲವನ್ನು ಮಾಡಬಹುದು:

ಅ) ಸುಗ್ಗಿಗೆ ಎರಡು ದಿನ ಮುಂಚೆ ಓಡುವ ಬದಲು, ಕೆಲಸ ಕಡಿಮೆ ಇರುವ ಬೇಸಿಗೆಯಲ್ಲೇ ಕುಡುಗೋಲು, ಮಚ್ಚುಗಳನ್ನು ಹೇಳಿ ಮಾಡಿಸಿ, ಮುಂಗಡ ಕೊಡಿ. ನಾಲ್ಕಾರು ಮನೆಯವರು ಕೂಡಿ ಹೇಳಿದರೆ ಕುಲುಮೆಗೆ ಬಿಡುವಿನ ತಿಂಗಳಲ್ಲೂ ಕೆಲಸ.

ಆ) ಕೊಳ್ಳುವಾಗ ಯಾವ ಉಕ್ಕು ಎಂದು ಕೇಳಿ. ತಯಾರಿಸಿದವರ ಗುರುತಿನ ಮುದ್ರೆ ಇರುವ ಅಲಗನ್ನೇ ಕೊಳ್ಳಿ. ಮುದ್ರೆ ಒತ್ತಿದವರು ಹೆಸರು ಕೆಡಿಸಿಕೊಳ್ಳಲು ಹಿಂಜರಿಯುತ್ತಾರೆ.

ಇ) ಅಲಗು ಬಾಗಿದರೆ ಅಥವಾ ಚಕ್ಕೆ ಎದ್ದರೆ ಬೈದು ಸುಮ್ಮನಾಗಬೇಡಿ, ಹಿಂದಕ್ಕೆ ಒಯ್ದು ತೋರಿಸಿ. ಬಾಗಿದರೆ ಹದ ಮೆದುವಾಗಿದೆ, ಚಕ್ಕೆ ಎದ್ದರೆ ಗಡಸು ಹೆಚ್ಚಾಗಿದೆ. ಕಲಿಯುವವರಿಗೆ ನಿಮ್ಮ ಈ ಮಾತೇ ದೊಡ್ಡ ಪಾಠ.

ಈ) ಬೆಳೆಗೆ ತಕ್ಕ ಅಲಗು ಕೇಳಿ ಮಾಡಿಸಿ. ಕಬ್ಬನ್ನು ನೆಲಮಟ್ಟಕ್ಕೆ ಕಡಿಯಬೇಕು, ಬುಡದ ಗೆಣ್ಣುಗಳಲ್ಲಿ ಸಕ್ಕರೆ ಅಂಶ ಹೆಚ್ಚು, ಕೂಳೆಯೂ ಚೆನ್ನಾಗಿ ಚಿಗುರುತ್ತದೆ. ಹಿಪ್ಪುನೇರಳೆ ಕಡ್ಡಿಯನ್ನು ಸಿಪ್ಪೆ ಸೀಳದಂತೆ ಒಂದೇ ಏಟಿಗೆ ಕತ್ತರಿಸಬೇಕು. ಇದಕ್ಕೆ ಬೇಕಾದ ತೂಕ, ಬಾಗು, ಹಿಡಿಯ ಉದ್ದವನ್ನು ಸಂತೆಯ ಅಲಗು ಕೊಡಲಾರದು. ನಿಮ್ಮ ಮನೆಯ ಹೆಣ್ಣಾಳಿನ ಕೈಗೆ ಹೊಂದುವ ಹಿಡಿಯನ್ನು ಕುಲುಮೆಯವರು ಮಾಡಿಕೊಡಬಲ್ಲರು.

ಉ) ಕೆಲಸ ಮುಗಿದ ಮೇಲೆ ಅಲಗನ್ನು ತೊಳೆದು, ಒಣಗಿಸಿ, ಎಣ್ಣೆ ಸವರಿ ಇಡಿ. ಮೊಂಡಾದ ಅಲಗನ್ನು ಬೆಂಕಿಯಲ್ಲಿ ಕಾಯಿಸಬೇಡಿ, ಹದ ಹೋಗುತ್ತದೆ.

ಕೃಷಿ ಸಲಕರಣೆಗಳ ವಿಷಯದಲ್ಲಿ ಸಂದೇಹಗಳಿದ್ದರೆ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೃಷಿ ಎಂಜಿನಿಯರಿಂಗ್ ತಜ್ಞರನ್ನು, ಮಾಗಡಿ ಕಡೆಯವರು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ನಡೆಯುವ ಕೃಷಿ ಮೇಳಕ್ಕೆ ಬರುವಾಗ ನಿಮ್ಮ ಊರ ಕುಲುಮೆಯವರನ್ನೂ ಕರೆತನ್ನಿ. ಹೊಸ ಸಲಕರಣೆಗಳನ್ನು ನೋಡಿ ಅಳತೆ ಬರೆದುಕೊಂಡರೆ ಹಿಂದಿರುಗಿ ಅದನ್ನು ತಮ್ಮಲ್ಲೇ ಮಾಡಬಲ್ಲರು.

ಕುಲುಮೆ ಒಂದು ಸಲ ಆರಿದರೆ ಮತ್ತೆ ಹೊತ್ತಿಸಲು ಇದ್ದಲು ಮಾತ್ರ ಸಾಲದು. ಹದ ಬಲ್ಲ ಕಣ್ಣು ಬೇಕು. ಆ ಕಣ್ಣು ಇನ್ನೂ ಇರುವ ಮನೆಗಳಲ್ಲಿ, ಅದು ಮಂಜಾಗುವ ಮೊದಲು, ಮಕ್ಕಳು ನೋಟ್‌ಬುಕ್ಕು ಹಿಡಿದು ಪಕ್ಕದಲ್ಲಿ ಕೂರಲಿ. ಅವರ ದುಡಿಮೆಗೆ ತಕ್ಕ ಬೆಲೆಯನ್ನು ನಾವು ಕೊಡೋಣ.